1970ರ ಚಾಲೆಂಜರ್: ಬಣ್ಣ ಮೊದಲೋ, ಎಂಜಿನ್ ಮೊದಲೋ? ಅನುಭವ ಇದ್ದವರು ತಿಳಿಸಿ

ಪ್ರಶ್ನೆ, ಪೆನ್ಸಿಲ್ವೇನಿಯಾದಿಂದ

ಎಲ್ಲರಿಗೂ ನಮಸ್ಕಾರ. ಬಹಳ ವರ್ಷದ ಆಸೆ ಈಗ ಕೈಗೂಡಿದೆ, 1970ರ ಡಾಡ್ಜ್ ಚಾಲೆಂಜರ್ ತಗೊಂಡಿದ್ದೇನೆ. 318 ಘನ ಇಂಚಿನ ವಿ8 ಎಂಜಿನ್, ಆಟೊಮ್ಯಾಟಿಕ್, ಮೇಲೆ ಕಪ್ಪು ವೈನಿಲ್ ರೂಫ್ (ತಗಡಿನ ಮೇಲೆ ಅಂಟಿಸಿದ ಪ್ಲಾಸ್ಟಿಕ್ ಹೊದಿಕೆ). ಗಾಡಿ ಓಡುತ್ತೆ. ಹಿಂದೆ ಯಾರೋ ಕೆಂಪು ಬಣ್ಣ ಹೊಡೆಸಿದ್ದಾರೆ. ಬಾಗಿಲಂಚಿನಲ್ಲಿ ಅದು ಎದ್ದು ಬರ್ತಿದೆ, ಅಡಿಯಲ್ಲಿ ನೀಲಿ ಕಾಣ್ತಿದೆ. ನನ್ನ ಮನಸ್ಸಿನಲ್ಲಿರೋದು: ಪೂರ್ತಿ ಕಪ್ಪು ಬಣ್ಣ, ಪಕ್ಕಕ್ಕೆ ಕಿತ್ತಳೆ ಪಟ್ಟೆ, ಆರ್/ಟಿ (ಚಾಲೆಂಜರಿನ ಜೋರು ಮಾದರಿ) ಬ್ಯಾಡ್ಜು, 318 ಇಳಿಸಿ ದೊಡ್ಡ 440 ಎಂಜಿನ್ ಕೂರಿಸೋದು, ಮುಂದಕ್ಕೆ ಡಿಸ್ಕ್ ಬ್ರೇಕು. ಪೇಂಟ್ ಮಾಡುವವರು ಮುಂದಿನ ವಾರವೇ ತಂದು ಬಿಡಿ ಅಂತಿದ್ದಾರೆ. ಗ್ಯಾರೇಜಿನಲ್ಲಿ ಜಾಗ ಇದೆ, ಕೈ ಮಸಿಯಾದರೆ ಬೇಜಾರಿಲ್ಲ, ಆದರೆ ದುಡ್ಡಿಗೆ ಮಿತಿ ಇದೆ. ಯಾವುದನ್ನು ಮೊದಲು ಮಾಡಲಿ, ಯಾವುದನ್ನು ಕೈಬಿಡಲಿ?

ಮಿಶಿಗನ್‌ನಿಂದ

ಸರ್, ಮುಂದಿನ ವಾರ ಬಿಡಬೇಡಿ, ದಯವಿಟ್ಟು. ಇಂಥ ಗಾಡಿಗೆ ಬಣ್ಣ ಕೊನೇ ಕೆಲಸ. ಎಂಜಿನ್ ಎತ್ತುವಾಗ, ವೆಲ್ಡಿಂಗ್ ಮಾಡುವಾಗ, ಬಾಗಿಲು ಬಿಚ್ಚಿ ಹಾಕುವಾಗ ಹೊಸ ಬಣ್ಣ ಉಳಿಯೋದಿಲ್ಲ.

ಮೊದಲು ಬಾನೆಟ್ ಎತ್ತಿ. ಚಾಲಕನ ಕಡೆಯ ಒಳ ಫೆಂಡರ್ ಮೇಲೆ ಸ್ಕ್ರೂ ಹಾಕಿದ ಸಣ್ಣ ತಗಡು ಇರಬೇಕು, ಅದೇ ಫೆಂಡರ್ ಟ್ಯಾಗ್. ಕೆಳಗಿನ ಸಾಲಿನಿಂದ ಮೇಲಕ್ಕೆ ಓದಿ. ಕೆಳಸಾಲಿನಲ್ಲಿ ಎಂಜಿನ್, ಗೇರ್‌ಬಾಕ್ಸ್, ವಿಐಎನ್ (ಗಾಡಿಯ ಗುರುತಿನ ಸಂಖ್ಯೆ). ಅದರ ಮೇಲಿನ ಸಾಲು ಬಣ್ಣದ ಕೋಡಿನಿಂದ ಶುರುವಾಗುತ್ತೆ. ಇಬಿ5 ಇದ್ದರೆ ಬ್ರೈಟ್ ಬ್ಲೂ, ಎಫ್‌ಸಿ7 ಅಂದರೆ ಪ್ಲಮ್ ಕ್ರೇಜಿ ಎನ್ನುವ ನೇರಳೆ, ಇಕೆ2 ಗೋ ಮ್ಯಾಂಗೋ, ಎಫ್‌ಜೆ5 ಸಬ್‌ಲೈಮ್ ಹಸಿರು. ವಿಐಎನ್ ಜೆಎಚ್23 ಅಂತ ಶುರುವಾದರೆ ಸಾದಾ ಚಾಲೆಂಜರ್, ಜೆಎಸ್23 ಆದರೆ ಆರ್/ಟಿ. ಐದನೇ ಅಕ್ಷರ ಎಂಜಿನ್ನಿಗೆ: ಜಿ ಅಂದರೆ 318, ಎನ್ ಅಂದರೆ 383, ಯು ಅಂದರೆ 440, ಆರ್ ಅಂದರೆ 426 ಹೆಮಿ. ಟ್ಯಾಗ್ ಕಳೆದುಹೋಗಿದ್ದರೆ ಸೀಟಿನ ಸ್ಪ್ರಿಂಗ್ ಒಳಗೆ, ಪೆಟ್ರೋಲ್ ಟ್ಯಾಂಕಿನ ಮೇಲ್ಭಾಗದಲ್ಲಿ ಹುಡುಕಿ. ಕಾರ್ಖಾನೆಯ ಬ್ರಾಡ್‌ಕಾಸ್ಟ್ ಶೀಟ್ (ಆ ಗಾಡಿಗೆ ಏನೇನು ಹಾಕಬೇಕು ಅನ್ನೋ ಪಟ್ಟಿ) ಎಷ್ಟೋ ಗಾಡಿಗಳಲ್ಲಿ ಇನ್ನೂ ಅಲ್ಲೇ ಸಿಕ್ಕಿಕೊಂಡಿರುತ್ತೆ.

ಇದನ್ನೆಲ್ಲ ಯಾಕೆ ಹೇಳಿದೆ ಅಂದರೆ, 1970ರಲ್ಲಿ ಆರ್/ಟಿಗೆ 383ಕ್ಕಿಂತ ಚಿಕ್ಕ ಎಂಜಿನ್ ಬರುತ್ತಿರಲಿಲ್ಲ. ಜೆಎಚ್ ಗಾಡಿಗೆ ಆರ್/ಟಿ ಬ್ಯಾಡ್ಜು ಹಾಕಿದರೆ ಗೊತ್ತಿದ್ದವರಿಗೆ ವಿಂಡ್‌ಶೀಲ್ಡಿನ ಕೆಳಗಿನ ನಂಬರ್ ಓದಿದ ಕೂಡಲೇ ತಿಳಿಯುತ್ತೆ. ಹಾಕಿಕೊಳ್ಳಿ, ಗಾಡಿ ನಿಮ್ಮದು. ಮುಂದೆ ಮಾರುವಾಗ ಮಾತ್ರ ಬಾಯಿಬಿಟ್ಟು ಹೇಳಲೇಬೇಕು. ಮತ್ತೊಂದು ಮಾತು: ವಿಐಎನ್ ತಗಡನ್ನು ಯಾವ ಕಾರಣಕ್ಕೂ ಬಿಚ್ಚಬೇಡಿ, ಅದು ಫೆಡರಲ್ ಕಾನೂನಿನ ವಿಷಯ. ಟೇಪ್ ಅಂಟಿಸಿ ಮುಚ್ಚಿ ಕೆಲಸ ಮಾಡಿಸಿ. ರೇಡಿಯೇಟರ್ ಸಪೋರ್ಟ್ ಮೇಲೆ ಒತ್ತಿರುವ ನಂಬರನ್ನೂ ಯಾರೂ ಉಜ್ಜಿ ಅಳಿಸದ ಹಾಗೆ ನೋಡಿಕೊಳ್ಳಿ.

ಇನ್ನು ತುಕ್ಕು. ವೈನಿಲ್ ರೂಫ್ ಅಂದಿರಲ್ಲ, ನನಗೆ ಅದೇ ಭಯ. ವೈನಿಲ್ ಕೆಳಗೆ ನೀರು ನಿಂತು ಹಿಂಗಾಜಿನ ಕೆಳಮೂಲೆಗಳು ತಿಂದುಹೋಗುತ್ತವೆ. ಅಲ್ಲಿಂದ ಇಳಿದ ನೀರು ಡಿಕ್ಕಿಯ ನೆಲವನ್ನೂ ಕ್ವಾರ್ಟರ್ ಪ್ಯಾನೆಲ್ಲಿನ (ಹಿಂಚಕ್ರದ ಸುತ್ತಲಿನ ಪಕ್ಕದ ತಗಡು) ಕೆಳಭಾಗವನ್ನೂ ಹಾಳು ಮಾಡುತ್ತೆ. ಒಂದು ಅಯಸ್ಕಾಂತಕ್ಕೆ ತೆಳು ಬಟ್ಟೆ ಸುತ್ತಿ ಹಿಂಗಾಜಿನ ಸುತ್ತ, ಹಿಂಚಕ್ರದ ಹಿಂದೆ, ಬಾಗಿಲ ಕೆಳಗಂಚಿನಲ್ಲಿ ನಿಧಾನವಾಗಿ ಆಡಿಸಿ. ಎಲ್ಲಿ ಹಿಡಿತ ಬಿಡುತ್ತೋ ಅಲ್ಲಿ ತಗಡಲ್ಲ, ಪುಟ್ಟಿ. ಪೇಂಟ್ ದಪ್ಪ ಅಳೆಯುವ ಗೇಜು ಸಿಕ್ಕರೆ ಇನ್ನೂ ಒಳ್ಳೆಯದು: ಕಾರ್ಖಾನೆಯ ಬಣ್ಣ ಸುಮಾರು 100ರಿಂದ 150 ಮೈಕ್ರಾನ್, ಸಾವಿರದ ಹತ್ತಿರ ತೋರಿಸಿದರೆ ಅಲ್ಲಿ ಹಳೇ ರಿಪೇರಿ ಇದೆ. ಆಮೇಲೆ ಗಾಡಿ ಎತ್ತಿ, ಮುಂದಿನ ಟಾರ್ಶನ್ ಬಾರುಗಳ (ತಿರುಚಿಕೊಂಡು ಸ್ಪ್ರಿಂಗಿನ ಕೆಲಸ ಮಾಡುವ ಉಕ್ಕಿನ ಸಲಾಕೆ) ಹಿಂತುದಿ ಕೂರುವ ಅಡ್ಡಪಟ್ಟಿಯನ್ನು ಸ್ಕ್ರೂಡ್ರೈವರಿನಿಂದ ಚುಚ್ಚಿ ನೋಡಿ. ಅಲ್ಲಿ ತೂತು ಬಿದ್ದರೆ ಬಣ್ಣದ ಯೋಚನೆಯನ್ನೇ ಸದ್ಯಕ್ಕೆ ಬಿಡಿ, ಇಡೀ ಮುಂಭಾಗದ ಭಾರ ಹೊರುವ ಜಾಗ ಅದು.

ಈ ಗಾಡಿಗೆ ಪೂರ್ತಿ ಉದ್ದದ ಫ್ರೇಮ್ ಇಲ್ಲ. ಮುಂದೊಂದು ಸಬ್‌ಫ್ರೇಮ್, ಹಿಂದೊಂದು, ನಡುವೆ ಬರೀ ನೆಲದ ತಗಡು. ದೊಡ್ಡ ಎಂಜಿನ್ ಹಾಕೋದಾದರೆ ಎರಡನ್ನೂ ಸೇರಿಸುವ ಫ್ರೇಮ್ ಕನೆಕ್ಟರ್ ವೆಲ್ಡ್ ಮಾಡಿಸಿ, ಅದೂ ಗಾಡಿಯ ಭಾರ ಚಕ್ರಗಳ ಮೇಲೆ ಇರುವಾಗಲೇ. ಜ್ಯಾಕಿನ ಮೇಲೆ ತೂಗಾಡುತ್ತಿರುವಾಗ ವೆಲ್ಡ್ ಮಾಡಿದರೆ ಬಾಗಿಲುಗಳ ಸಂದು ಆಮೇಲೆ ಕೂಡೋದಿಲ್ಲ.

ಟೆಕ್ಸಾಸ್‌ನಿಂದ

440 ಬಗ್ಗೆ ನಾನು ಹೇಳ್ತೀನಿ. ನಾಲ್ಕು ಬ್ಯಾರೆಲ್ ಕಾರ್ಬುರೇಟರಿನ 440ಕ್ಕೆ 1970ರಲ್ಲಿ 375 ಅಶ್ವಶಕ್ತಿ ಅಂತ ಬರೀತಿದ್ದರು, ನಿಮ್ಮ 318ಕ್ಕೆ 230. ಎರಡೂ ಗ್ರಾಸ್ ಲೆಕ್ಕ. ಫ್ಯಾನು, ಸೈಲೆನ್ಸರ್ ಇಲ್ಲದೆ ಅಳೆದದ್ದು, ಇವತ್ತಿನ ಗಾಡಿಗಳ ಅಂಕಿಗೆ ಹೋಲಿಸಬೇಡಿ. 440 ನೂರು ಪೌಂಡಿಗೂ ಹೆಚ್ಚು ಭಾರ, ಅದೂ ಮೂಗಿನ ಮೇಲೆ. 318ಕ್ಕೆ ಬರುತ್ತಿದ್ದ 904 ಗೇರ್‌ಬಾಕ್ಸ್ ಅದಕ್ಕೆ ಬೋಲ್ಟೇ ಆಗೋದಿಲ್ಲ, 727 ಬೇಕು. ಟಾರ್ಶನ್ ಬಾರು ದಪ್ಪದ್ದು ಬೇಕು, ರೇಡಿಯೇಟರ್ ದೊಡ್ಡದು ಬೇಕು, ಹಿಂದಿನ ಆಕ್ಸಲ್ ನೋಡಿಕೊಳ್ಳಬೇಕು. ಎಂಜಿನ್ ಬೆಲೆ ಅಂದುಕೊಂಡು ಹೊರಟವರಿಗೆ ಸುತ್ತಲಿನ ಸಾಮಾನಿನ ಬೆಲೆಯೇ ಅದನ್ನು ಮೀರುತ್ತೆ. ದುಡ್ಡಿಗೆ ಮಿತಿ ಇದೆ ಅಂದಿದ್ದೀರಿ, ಹಾಗಾಗಿ 318 ಇಟ್ಟುಕೊಳ್ಳಿ. ನಾಲ್ಕು ಬ್ಯಾರೆಲ್ ಇಂಟೇಕು, 600 ಸಿಎಫ್‌ಎಂ (ನಿಮಿಷಕ್ಕೆ ಎಳೆಯುವ ಗಾಳಿ, ಘನ ಅಡಿಯಲ್ಲಿ) ಆಸುಪಾಸಿನ ಕಾರ್ಬುರೇಟರ್, ಎರಡು ಕೊಳವೆಯ ಎಕ್ಸಾಸ್ಟು, ಕಿಡಿ ಹೊತ್ತಿಸುವ ಹಳೇ ಪಾಯಿಂಟ್ಸ್ ಬದಲು ಎಲೆಕ್ಟ್ರಾನಿಕ್ ಇಗ್ನಿಶನ್. ಗಾಡಿ ಬೇರೆಯೇ ಆಗುತ್ತೆ. ಬಿಚ್ಚಿದ ಒಂದೊಂದು ಸಾಮಾನಿಗೂ ಚೀಟಿ ಕಟ್ಟಿ ಎತ್ತಿಡಿ.

ಇಷ್ಟು ಮಾಡುವ ಮುಂಚೆ ಬೆಂಕಿಯ ವಿಷಯ. ಆ ಕಾಲದ ಕ್ರೈಸ್ಲರ್ ಗಾಡಿಗಳಲ್ಲಿ ಆಲ್ಟರ್ನೇಟರಿನ ಕರೆಂಟು ಬ್ಯಾಟರಿಗೆ ನೇರ ಹೋಗೋದಿಲ್ಲ. ಫೈರ್‌ವಾಲಿನ (ಎಂಜಿನ್ನಿಗೂ ಒಳಭಾಗಕ್ಕೂ ನಡುವಿನ ತಗಡು) ಬಲ್ಕ್‌ಹೆಡ್ ಕನೆಕ್ಟರ್ ದಾಟಿ ಒಳಗೆ ಬಂದು, ಕರೆಂಟು ಅಳೆಯುವ ಡ್ಯಾಶ್‌ಬೋರ್ಡಿನ ಆಮೀಟರ್ ಹಾದು, ಮತ್ತೆ ಅದೇ ಕನೆಕ್ಟರಿನ ಮೂಲಕ ಹೊರಗೆ ಹೋಗುತ್ತೆ. ಐವತ್ತು ವರ್ಷ ದಾಟಿದ ಪಿನ್ನುಗಳು, ಮೇಲೆ ಕಿಲುಬು ಕಟ್ಟಿರುತ್ತೆ. ಬಿಸಿಯಾಗಿ ಪ್ಲಾಸ್ಟಿಕ್ ಕರಗಿದ ಕನೆಕ್ಟರುಗಳನ್ನು ನಾನೇ ಕಿತ್ತು ನೋಡಿದ್ದೇನೆ. ಬ್ಯಾಟರಿ ತೆಗೆದು ಆ ಕನೆಕ್ಟರ್ ಬಿಚ್ಚಿ. ದಪ್ಪ ಕೆಂಪು ವೈರು, ದಪ್ಪ ಕಪ್ಪು ವೈರು ಕೂರುವ ಮನೆಗಳು ಕಂದಾಗಿವೆಯೇ, ಉಬ್ಬಿವೆಯೇ ನೋಡಿ. ಅಲ್ಲಿ ಕೈಯಿಡುವ ಹೊತ್ತಿಗೇ ಆಲ್ಟರ್ನೇಟರಿನಿಂದ ಬ್ಯಾಟರಿ ಕಡೆಗೆ ಫ್ಯೂಸಿಬಲ್ ಲಿಂಕ್ (ಕರೆಂಟು ಮಿತಿಮೀರಿದರೆ ಕರಗಿ ಕಡಿಯುವ ತುಂಡು) ಹಾಕಿದ ದಪ್ಪ ವೈರು ಎಳೆಸಿ, ಆಮೀಟರ್ ಜಾಗಕ್ಕೆ ವೋಲ್ಟ್‌ಮೀಟರ್ ಕೂರಿಸಿ. ಬಣ್ಣಕ್ಕಿಂತ ಎಂಜಿನ್ನಿಗಿಂತ ಇದು ಮೊದಲು.

ಡಿಸ್ಕ್ ಬ್ರೇಕು ಮಾಡಿಸಲೇಬೇಕು, ಮಾಸ್ಟರ್ ಸಿಲಿಂಡರ್ ಮತ್ತು ಪ್ರಪೋರ್ಶನಿಂಗ್ ವಾಲ್ವ್ (ಮುಂದಿನ ಹಿಂದಿನ ಬ್ರೇಕಿನ ಒತ್ತಡ ಹೊಂದಿಸುವುದು) ಸಮೇತ. ಚಕ್ರ 14 ಇಂಚಿನದಾದರೆ ಒಳಗೆ ಕೂರುತ್ತಾ ಅಂತ ಮೊದಲೇ ಕೇಳಿ. ಹಳೇ ರಬ್ಬರ್ ಪೆಟ್ರೋಲ್ ಪೈಪುಗಳನ್ನು ಇವತ್ತಿನ ಎಥನಾಲ್ ಮಿಶ್ರ ಪೆಟ್ರೋಲ್ ತಿಂದುಹಾಕುತ್ತೆ, ಅವನ್ನೂ ಬದಲಿಸಿ. ಟೈರಿನ ಪಕ್ಕದ ಡಿಓಟಿ ನಂಬರಿನ ಕೊನೆಯ ನಾಲ್ಕು ಅಂಕಿ ಟೈರು ತಯಾರಾದ ವಾರ ಮತ್ತು ವರ್ಷ. ಗೀರು ಚೆನ್ನಾಗಿದೆ ಅಂತ ಹಳೇ ಟೈರು ನಂಬಬೇಡಿ.

ಒಹಾಯೊದಿಂದ, ಪೇಂಟ್ ಕೆಲಸದವನು

ಮೇಲಿನ ಇಬ್ಬರು ಅಣ್ಣಂದಿರು ಹೇಳಿದ್ದು ಸರಿ. ನಾನು ಬಣ್ಣದ ವಿಷಯಕ್ಕೇ ಬರ್ತೀನಿ. ಊರಲ್ಲಿ ಟಿಂಕರಿಂಗ್ ಶೆಡ್ಡಿನಲ್ಲಿ ಸುತ್ತಿಗೆ ಹಿಡಿದು ಕಲಿತವನು, ಈಗ ಇಲ್ಲಿ ಹಳೇ ಗಾಡಿಗಳನ್ನೇ ಮಾಡೋದು.

ಕಪ್ಪು ಬೇಡ. ದುಡ್ಡಿಗೆ ಮಿತಿ ಇರುವವರು ಕಪ್ಪನ್ನು ಆರಿಸಲೇಬಾರದು. ಚಾಲೆಂಜರಿನ ಪಕ್ಕೆ ಉದ್ದ, ಮುಂದಿನ ಫೆಂಡರಿನಿಂದ ಹಿಂದಿನವರೆಗೆ ಒಂದು ಗೆರೆ ಓಡುತ್ತೆ. ಕಪ್ಪು ಬಣ್ಣ ಅದರ ಮೇಲೆ ಕನ್ನಡಿ ಹಿಡಿದ ಹಾಗೆ ಒಂದೊಂದು ತಗ್ಗನ್ನೂ ತೋರಿಸುತ್ತೆ. ಅದನ್ನು ನೇರ ಮಾಡುವ ಕೂಲಿಯೇ ಖರ್ಚಿನ ದೊಡ್ಡ ಪಾಲು. ಒಳ್ಳೇ ಕೆಲಸಕ್ಕೆ ಹತ್ತು ಸಾವಿರ ಡಾಲರ್ ದಾಟೋದು ಇಲ್ಲಿ ಮಾಮೂಲು, ಅದರಲ್ಲಿ ಗನ್ ಹಿಡಿದು ಹೊಡೆಯುವ ಹೊತ್ತು ಬಹಳ ಕಮ್ಮಿ.

ಹಳೇ ಬಣ್ಣ ತೆಗೆಯೋಕೆ ಮರಳು ಬ್ಲಾಸ್ಟಿಂಗ್ ಅಂತ ಯಾರಾದರೂ ಹೇಳಿದರೆ ಬಾನೆಟ್, ರೂಫ್, ಬಾಗಿಲು ಕೊಡಬೇಡಿ. ಅಗಲ ತಗಡು ಏಟಿಗೆ ಹಿಗ್ಗಿ ಅಲೆ ಏಳುತ್ತೆ, ಆಮೇಲೆ ಇಳಿಸೋಕಾಗಲ್ಲ. ಅಗಲ ಭಾಗಕ್ಕೆ ಸ್ಯಾಂಡಿಂಗ್ ಇಲ್ಲವೇ ಕೆಮಿಕಲ್ ಸ್ಟ್ರಿಪ್ಪರ್, ಮೂಲೆ ಮುಡುಕಿಗೆ ಮಾತ್ರ ಬ್ಲಾಸ್ಟಿಂಗ್. ಹಳೇ ಬಣ್ಣದಲ್ಲಿ ಸೀಸ ಇರಬಹುದು, ಒಣ ಧೂಳು ಮನೆಯೊಳಗೆ ಬರದ ಹಾಗೆ ನೋಡಿಕೊಳ್ಳಿ.

ಬರೀ ತಗಡು ಕಂಡ ದಿನವೇ ಎಪಾಕ್ಸಿ ಪ್ರೈಮರ್. ಪುಟ್ಟಿ ಅದರ ಮೇಲೆ, ತೆಳ್ಳಗೆ. ಆಮೇಲೆ ಹೈ-ಬಿಲ್ಡ್ ಪ್ರೈಮರ್. ಈಗ ಬರೋದು ನೀವೇ ಕೂತು ಮಾಡಬಹುದಾದ ಕೆಲಸ: ಪ್ರೈಮರ್ ಒಣಗಿದ ಮೇಲೆ ಕಪ್ಪು ಗೈಡ್ ಕೋಟ್ ಪುಡಿಯನ್ನು ಪೂರ್ತಿ ಸವರಿ. ಉದ್ದನೆಯ ಬ್ಲಾಕಿಗೆ 180ರ ಉಪ್ಪುಕಾಗದ ಅಂಟಿಸಿ, ಒಂದು ಸಲ ಈ ಕಡೆಗೆ ಓರೆ, ಇನ್ನೊಂದು ಸಲ ಆ ಕಡೆಗೆ ಓರೆ, ಕತ್ತರಿ ಆಕಾರಕ್ಕೆ ಉಜ್ಜಿ. ಬೆರಳಿನಿಂದ ಒತ್ತಬೇಡಿ, ಬ್ಲಾಕಿನ ಭಾರ ಸಾಕು. ಉಬ್ಬಿದ ಜಾಗದ ಕಪ್ಪು ಮೊದಲೇ ಹೋಗುತ್ತೆ, ತಗ್ಗಿನಲ್ಲಿ ದ್ವೀಪದ ಹಾಗೆ ಉಳಿಯುತ್ತೆ. ಕಪ್ಪು ಉಳಿದಿದೆ ಅಂತ ಅದೊಂದೇ ಜಾಗವನ್ನು ಕೆರೆದರೆ ಇನ್ನೂ ಆಳವಾಗುತ್ತೆ. ತಗಡೇ ಇಣುಕಿದರೆ ನಿಲ್ಲಿಸಿ, ಆ ಜಾಗ ಎತ್ತರ ಇದೆ, ತಟ್ಟಿ ಇಳಿಸಬೇಕು. ಇನ್ನೊಮ್ಮೆ ಪ್ರೈಮರ್, ಇನ್ನೊಮ್ಮೆ ಗೈಡ್ ಕೋಟ್, ಈಗ 320, ಕೊನೆಗೆ ನೀರು ಹಾಕಿ 600. ಕಣ್ಣಿಗಿಂತ ಅಂಗೈ ಚೆನ್ನಾಗಿ ನೋಡುತ್ತೆ. ತೆಳು ಬಟ್ಟೆ ಹಿಡಿದು ಕಣ್ಣು ಮುಚ್ಚಿ ಸವರಿ.

ಬಾಗಿಲು, ಬಾನೆಟ್ಟಿನ ಸಂದುಗಳನ್ನು ಪ್ರೈಮರಿಗೂ ಮುಂಚೆ ಹೊಂದಿಸಿಡಿ. ಉಜ್ಜುವ ಮುಂಚೆ ವ್ಯಾಕ್ಸ್-ಗ್ರೀಸ್ ರಿಮೂವರಿನಿಂದ ಒರೆಸಿ. ಸಿಲಿಕೋನ್ ಒಂದು ಚೂರು ಉಳಿದರೂ ಬಣ್ಣದಲ್ಲಿ ಮೀನುಕಣ್ಣಿನ ಹಾಗೆ ಸಣ್ಣ ಕುಳಿ ಬೀಳುತ್ತೆ.

ನನ್ನ ಸಲಹೆ ಟ್ಯಾಗಿನಲ್ಲಿರುವ ಬಣ್ಣವೇ. ಬೇರೆ ಬಣ್ಣಕ್ಕೆ ಹೋದರೆ ಬಾಗಿಲ ಒಳಂಚು, ಡಿಕ್ಕಿ, ಎಂಜಿನ್ ಜಾಗ, ಡ್ಯಾಶ್ ಕೆಳಗೆ ಎಲ್ಲವನ್ನೂ ಮಾಡಬೇಕು, ಇಲ್ಲದಿದ್ದರೆ ಈಗ ನಿಮಗೆ ಬಾಗಿಲಂಚಿನಲ್ಲಿ ನೀಲಿ ಕಂಡಿತಲ್ಲ, ಅದೇ ಗತಿ.

ನ್ಯೂಜೆರ್ಸಿಯಿಂದ, ರೆಸ್ಪಿರೇಟರಿ ಥೆರಪಿಸ್ಟ್

ಒಂದೇ ಮಾತು ಹೇಳ್ತೀನಿ, ಗಂಭೀರವಾಗಿ ತಗೊಳ್ಳಿ. ಈಗಿನ 2ಕೆ (ಎರಡು ಭಾಗ ಬೆರೆಸುವ) ಕ್ಲಿಯರ್ ಕೋಟಿನ, ಅಂದರೆ ಬಣ್ಣದ ಮೇಲೆ ಹೊಡೆಯುವ ಪಾರದರ್ಶಕ ಪದರದ, ಹಾರ್ಡನರಿನಲ್ಲಿ ಐಸೋಸಯನೇಟ್ ಇರುತ್ತೆ. ಅದರಿಂದ ಆಸ್ತಮಾ ಬರುತ್ತೆ, ಒಮ್ಮೆ ಮೈ ಅದಕ್ಕೆ ಒಗ್ಗದೆ ತಿರುಗಿಬಿದ್ದರೆ ಆಮೇಲೆ ಸ್ವಲ್ಪ ತಾಗಿದರೂ ಉಸಿರು ಕಟ್ಟುತ್ತೆ. ವಾಸನೆ ಬರದ ಮಟ್ಟದಲ್ಲೇ ಅದು ಹಾನಿ ಮಾಡುವುದರಿಂದ ಇದ್ದಿಲಿನ ಮಾಸ್ಕ್ ಯಾವಾಗ ಸೋತಿತು ಅಂತ ನಿಮಗೆ ಗೊತ್ತೇ ಆಗೋದಿಲ್ಲ. ಹೊರಗಿನ ಶುದ್ಧ ಗಾಳಿ ಕೊಳವೆಯಲ್ಲಿ ಬರುವ ರೆಸ್ಪಿರೇಟರ್ ಬೇಕು, ಚರ್ಮ ಮತ್ತು ಕಣ್ಣು ಪೂರ್ತಿ ಮುಚ್ಚಿರಬೇಕು. ಮನೆಗೆ ಅಂಟಿಕೊಂಡ ಗ್ಯಾರೇಜಿನಲ್ಲಿ, ಗೋಡೆಯಾಚೆ ಮಕ್ಕಳು ಮಲಗಿರುವಾಗ ಕ್ಲಿಯರ್ ಹೊಡೆಯಬೇಡಿ. ಉಜ್ಜುವ ಕೆಲಸ ನೀವು ಮಾಡಿ, ಹೊಡೆಯುವ ಕೆಲಸ ಬೂತ್ ಇರುವವರಿಗೆ ಬಿಡಿ.

ಕ್ಯಾಲಿಫೋರ್ನಿಯಾದಿಂದ

ಬಣ್ಣದ ಬಗ್ಗೆ ನನ್ನದು ಬೇರೆ ಅಭಿಪ್ರಾಯ. ಇದು ಹೆಮಿ ಗಾಡಿಯಲ್ಲ, ಸಂಗ್ರಹಾಲಯಕ್ಕೆ ಹೋಗೋದಲ್ಲ. 318 ಗಾಡಿಯ ಸೊಗಸೇ ಅದು, ಮನಸ್ಸಿಗೆ ಬಂದ ಬಣ್ಣ ಹೊಡೆಸಿ ಓಡಿಸಬಹುದು. ಕಪ್ಪೇ ಇಷ್ಟ ಅಂದರೆ ಒಂದು ವರ್ಷ ಹೆಚ್ಚು ದುಡ್ಡು ಕೂಡಿಸಿ ಕಪ್ಪೇ ಮಾಡಿಸಿ. ನಾಲ್ಕು ಜನರ ಮಾತಿಗೆ ಬೇಡದ ಬಣ್ಣ ಹೊಡೆಸಿಕೊಂಡರೆ ಗಾಡಿ ಗ್ಯಾರೇಜಿನಿಂದ ಆಚೆಗೇ ಬರೋದಿಲ್ಲ. ಎಂಜಿನ್, ಲೋಹ ಬದಲಿಸುವಾಗ ಮಾತ್ರ ಹಿಂದಕ್ಕೆ ಹೋಗುವ ದಾರಿ ಇಟ್ಟುಕೊಳ್ಳಿ. ಇನ್ಶೂರೆನ್ಸ್ ತಗೊಳ್ಳುವಾಗ ಅಗ್ರೀಡ್ ವ್ಯಾಲ್ಯೂ (ಗಾಡಿಯ ಬೆಲೆ ಮೊದಲೇ ಒಪ್ಪಿಕೊಳ್ಳುವ) ಪಾಲಿಸಿ ಕೇಳಿ, ಕೆಲಸದ ಬಿಲ್ಲು ಫೋಟೊ ಎಲ್ಲ ಜೋಪಾನ ಮಾಡಿ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಧನ್ಯವಾದ. ಪೇಂಟಿನವರಿಗೆ ಫೋನ್ ಮಾಡಿ ಈಗ ಬೇಡ ಅಂದೆ. ಟ್ಯಾಗ್ ಸಿಕ್ಕಿತು: ಜೆಎಚ್23ಜಿ0ಬಿ, ಬಣ್ಣ ಇಬಿ5. ಹಿಂಗಾಜಿನ ಎಡಮೂಲೆಯಲ್ಲಿ ಅಯಸ್ಕಾಂತ ಅಂಟಲೇ ಇಲ್ಲ. ಅಡ್ಡಪಟ್ಟಿ ಗಟ್ಟಿ ಇದೆ. ಕನೆಕ್ಟರಿನಲ್ಲಿ ಕೆಂಪು ವೈರಿನ ಮನೆ ಕಂದಾಗಿದೆ, ವೈರಿಂಗ್ ಮುಗಿಯುವವರೆಗೆ ಗಾಡಿ ತೆಗೆಯೋದಿಲ್ಲ. 440 ಸದ್ಯಕ್ಕೆ ಬಿಟ್ಟೆ. ನೀಲಿ ಹೊಡೆಸಿದರೆ ಬಾಗಿಲು, ಫೆಂಡರ್ ಬಿಚ್ಚಿ ಬೇರೆ ಬೇರೆಯಾಗಿ ಹೊಡೆಸಬಹುದಾ?

ಒಹಾಯೊದಿಂದ

ಜೆಎಚ್23ಜಿ0ಬಿ ಅಂದಿರಲ್ಲ, ಅದರ ಕೊನೆಯ ಬಿ ಅಂದರೆ ನಿಮ್ಮ ಗಾಡಿ ಮಿಶಿಗನ್ನಿನ ಹ್ಯಾಮ್‌ಟ್ರಾಮ್ಕ್ ಕಾರ್ಖಾನೆಯದ್ದು. ಬಿ5 ನೀಲಿ ಮೆಟಾಲಿಕ್, ಅದರಲ್ಲಿ ಅಲ್ಯೂಮಿನಿಯಂ ಚೂರುಗಳಿವೆ. ಬಾಗಿಲನ್ನು ಮಲಗಿಸಿ, ಫೆಂಡರನ್ನು ನಿಲ್ಲಿಸಿ ಹೊಡೆದರೆ ಚೂರುಗಳು ಬೇರೆ ಬೇರೆ ಥರ ಕೂತು, ಬಿಸಿಲಿಗೆ ತಂದಾಗ ಒಂದು ತಿಳಿ ನೀಲಿ, ಇನ್ನೊಂದು ಗಾಢ. ಒಳಂಚುಗಳನ್ನು ಬಿಚ್ಚಿಟ್ಟೇ ಹೊಡೆಸಿ. ಹೊರಮೈಗೆ ಮಾತ್ರ ಎಲ್ಲವನ್ನೂ ಗಾಡಿಗೆ ಜೋಡಿಸಿ, ಬೇಕಾದಷ್ಟು ಬಣ್ಣವನ್ನು ಒಂದೇ ಡಬ್ಬಿಗೆ ಬೆರೆಸಿಟ್ಟು, ಒಂದೇ ದಿನ ಒಬ್ಬನೇ ಹೊಡೆಯಬೇಕು. ಮೊದಲು ಒಂದು ತಗಡಿನ ತುಂಡಿಗೆ ಹೊಡೆಸಿ ಬಿಸಿಲಿನಲ್ಲಿ ನೋಡಿ ಒಪ್ಪಿಕೊಳ್ಳಿ. ಅಂದಾಜು ಪಟ್ಟಿಯನ್ನು ಬರಹದಲ್ಲಿ ತಗೊಳ್ಳಿ: ಯಾವ ಪ್ರೈಮರ್, ಎಷ್ಟು ಸಲ ಬ್ಲಾಕ್, ಕ್ಲಿಯರ್ ಎಷ್ಟು ಕೋಟು, ಕೊನೆಗೆ ಉಜ್ಜಿ ಪಾಲಿಶ್ ಸೇರಿದೆಯಾ.

ಮನೆಗೆ ಬಂದ ಮೇಲೆ ಕವರ್ ಹೊದಿಸಬೇಡಿ, ಮೇಣವೂ ಬೇಡ. ಥಿನ್ನರ್ ಒಳಗಿನಿಂದ ಪೂರ್ತಿ ಆರಬೇಕು. ಕ್ಲಿಯರಿನ ಡಬ್ಬಿಯ ಜೊತೆ ಬರುವ ಕಾಗದದಲ್ಲಿ ಅವಧಿ ಬರೆದಿರುತ್ತೆ, ಒಂದರಿಂದ ಮೂರು ತಿಂಗಳು ಸಾಮಾನ್ಯ. ಅಲ್ಲಿಯವರೆಗೆ ತಣ್ಣೀರು, ಮೆದು ಬಟ್ಟೆ. ಹಿಂಗಾಜಿನ ಮೂಲೆಯ ವೈನಿಲ್ ಬಿಚ್ಚಿದಾಗ ಫೋಟೊ ಹಾಕಿ, ತಗಡು ಎಷ್ಟು ಕತ್ತರಿಸಬೇಕು ಅಂತ ನೋಡಿ ಹೇಳ್ತೀನಿ.