ಬೇಸಿಗೆಯಲ್ಲಿ ಮಾತ್ರ ಮೋಟರ್ ಶಾಕ್ ಹೊಡೆಯುವುದು ಯಾಕೆ?

ಪ್ರಶ್ನೆ (ಹಿರಿಯಡ್ಕ): ಸರ್, ನಮ್ಮದು ಸಣ್ಣ ಗೇರುಬೀಜ ಫ್ಯಾಕ್ಟರಿ, ಮುರಕಲ್ಲಿನ ಗುಡ್ಡದ ಮೇಲೆ ಉಂಟು. ಮಳೆಗಾಲದಲ್ಲಿ ಏನೂ ತೊಂದರೆ ಇಲ್ಲ. ಮಾರ್ಚ್ ಬಂತೆಂದರೆ ಎಲಿವೇಟರ್ ಮೋಟರಿನ ಬಾಡಿ ಮುಟ್ಟಿದ ಕೂಡಲೇ ಕೈ ಜುಮ್ ಅಂತದೆ. ಅರ್ತ್ ಗುಂಡಿಗೆ ಉಪ್ಪುನೀರು ಹೊಯ್ಯಿ ಅಂತ ಒಬ್ಬರು, ನ್ಯೂಟ್ರಲನ್ನೇ ಬಾಡಿಗೆ ಕಟ್ಟು ಅಂತ ಇನ್ನೊಬ್ಬರು ಹೇಳ್ತಾರೆ. ಯಾವುದು ಸರಿ?

ಉತ್ತರ: ನ್ಯೂಟ್ರಲ್ ಬಾಡಿಗೆ ಕಟ್ಟಲೇಬೇಡಿ ಮಾರಾಯ್ರೆ. ಗಾಳಿಮಳೆಗೆ ಲೈನಿನ ನ್ಯೂಟ್ರಲ್ ತುಂಡಾದರೆ ಬಾಡಿಗೆ 230 ವೋಲ್ಟಿನವರೆಗೂ ಬರಬಹುದು. ಮುಟ್ಟಿದವರು ಬದುಕುವುದು ಕಷ್ಟ.

ಲೀಕೇಜ್, ಅಂದರೆ ಕರೆಂಟ್ ಬಾಡಿಗೆ ಸೋರುವುದು, ನಿಮ್ಮಲ್ಲಿ ಮಳೆಗಾಲದಲ್ಲೂ ಇದ್ದಿರಬೇಕು. ಆಗ ಒದ್ದೆ ಮಣ್ಣು ಅದನ್ನು ಎಳೆದುಕೊಳ್ಳುತ್ತದೆ. ಬೇಸಿಗೆಯಲ್ಲಿ ಮುರಕಲ್ಲು ಒಣಗಿ ಗುಂಡಿಯ ರೆಸಿಸ್ಟೆನ್ಸ್ ಏರುತ್ತದೆ, ಕರೆಂಟ್ ಬಾಡಿಯಲ್ಲೇ ಉಳಿಯುತ್ತದೆ. ಉಪ್ಪುನೀರು ಹೊಯ್ದರೆ ನಾಲ್ಕು ದಿನ ಜುಮ್ ಅನ್ನುವುದು ನಿಂತೀತು, ಒಳಗಿನ ಜಿಐ (ಸತು ಲೇಪಿಸಿದ ಕಬ್ಬಿಣದ) ಪೈಪ್ ಮಾತ್ರ ಬೇಗ ತುಕ್ಕು ಹಿಡಿಯುತ್ತದೆ. ಹಾಗಾಗಿ ಮೊದಲು ಆ ಮೋಟರ್ ನಿಲ್ಲಿಸಿ, ಕೇಬಲ್ ಬಿಚ್ಚಿಸಿ, 500 ವೋಲ್ಟ್ ಮೆಗ್ಗರಿನಲ್ಲಿ (ಇನ್ಸುಲೇಶನ್ ಅಳೆಯುವ ಮೀಟರ್) ನೋಡಿಸಿ. 1 ಮೆಗಾಓಮ್‌ಗಿಂತ ಕಡಿಮೆ ಬಂದರೆ ವೈಂಡಿಂಗ್‌ನವರಿಗೆ ಕೊಡಿ. ಮೋಟರ್ ಸರಿ ಇದ್ದರೆ ಕೇಬಲ್ ನೋಡಿಸಿ.

ಇನ್ನೊಂದು ಲೆಕ್ಕ ಹೇಳ್ತೇನೆ, ಇದು ತುಂಬ ಜನರಿಗೆ ಗೊತ್ತಿಲ್ಲ. ಗುಂಡಿ 5 ಓಮ್ ಇದೆ ಅಂತಿಟ್ಟುಕೊಳ್ಳಿ. ಒಂದು ಫೇಸ್ ಪೂರ್ತಿ ಬಾಡಿಗೆ ತಾಗಿದರೂ ಹರಿಯುವುದು 230 ಭಾಗಿಸು 5, ಹೆಚ್ಚೆಂದರೆ 46 ಆಂಪಿಯರ್. ನಿಮ್ಮಲ್ಲಿ 63 ಆಂಪಿಯರ್ ಎಂಸಿಬಿ (ಕರೆಂಟ್ ಮಿತಿಮೀರಿದರೆ ತಾನೇ ಬೀಳುವ ಸ್ವಿಚ್) ಇದ್ದರೆ ಅದು ಬೀಳುವುದೇ ಇಲ್ಲ! ಗುಂಡಿ ಎಷ್ಟು ಒಳ್ಳೆಯದಿದ್ದರೂ ಆರ್‌ಸಿಸಿಬಿ (ಕರೆಂಟ್ ಸೋರಿದ ಕೂಡಲೇ ಲೈನ್ ಕಡಿಯುವ ಸ್ವಿಚ್) ಬೇಕೇ ಬೇಕು: ಮೋಟರಿಗೆ 100 ಮಿಲಿಆಂಪಿಯರಿನದ್ದು ಆದೀತು, ಕೈಯಲ್ಲಿ ಹಿಡಿಯುವ ಡ್ರಿಲ್, ಗ್ರೈಂಡರ್ ಸಾಕೆಟ್‌ಗೆ 30ರದ್ದೇ ಆಗಬೇಕು.

ತ್ರೀಫೇಸ್ ಮೋಟರಿನ ಬಾಡಿಗೆ ಎರಡು ಪ್ರತ್ಯೇಕ ಅರ್ತ್ ಬೇಕು, ಅದು ನಿಯಮ. ಒಂದೇ ವೈರನ್ನು ಮೆಷಿನಿನಿಂದ ಮೆಷಿನಿಗೆ ಸುತ್ತಿಸಿಕೊಂಡು ಹೋಗಬೇಡಿ. ಹೊಸ ಗುಂಡಿ ತೆಗೆಸುವುದಾದರೆ ತಂಪು ಇರುವ ತಗ್ಗಿನಲ್ಲಿ ಎರಡೂವರೆ ಮೀಟರ್ ಪೈಪ್ ಇಳಿಸಿ, ಸುತ್ತ ಬೆಂಟೊನೈಟ್ (ತೇವ ಹಿಡಿದಿಡುವ ಜೇಡಿಮಣ್ಣು) ತುಂಬಿಸಿ. ಹಳೆ ಗುಂಡಿಗೂ ಅದಕ್ಕೂ 5 ಮೀಟರ್ ಆದರೂ ದೂರ ಇರಲಿ. ಅರ್ತ್ ಟೆಸ್ಟ್ ಏಪ್ರಿಲ್‌ನಲ್ಲೇ ಮಾಡಿಸಿ, ಜುಲೈಯ ರೀಡಿಂಗ್ ನಂಬಬೇಡಿ.

ಪ್ರಶ್ನೆ (ಮಲ್ಪೆ): ನಮ್ಮ ಐಸ್ ಪ್ಲಾಂಟಿನಲ್ಲಿ ನೆಲ ಯಾವಾಗಲೂ ಒದ್ದೆ. ಅರ್ತ್ ಚೆನ್ನಾಗೇ ಇರಬೇಕಲ್ವಾ ಅಣ್ಣ?

ಉತ್ತರ: ಮಣ್ಣು ಚೆನ್ನಾಗಿರಬಹುದು. ಅಲ್ಲಿ ಕೈಕೊಡುವುದು ಜಾಯಿಂಟ್. ಉಪ್ಪುಗಾಳಿಗೆ ಜಿಐ ಪಟ್ಟಿ ಬೋಲ್ಟಿನ ಅಡಿಯಲ್ಲಿ ತುಕ್ಕು ತಿಂದಿರುತ್ತದೆ, ಹೊರಗೆ ಕಾಣುವುದಿಲ್ಲ. ಮೇನ್ ಆಫ್ ಮಾಡಿ ಪ್ರತಿ ಬೋಲ್ಟ್ ಬಿಚ್ಚಿಸಿ ಉಜ್ಜಿಸಿ, ತಾಮ್ರದ ಬರಿ ಲಗ್ (ವೈರಿನ ತುದಿಯ ಕೊಂಡಿ) ತೆಗೆದು ತವರ ಹಚ್ಚಿದ್ದು ಹಾಕಿಸಿ, ಮೇಲೆ ಪೆಟ್ರೋಲಿಯಂ ಜೆಲ್ಲಿ ಬಳಿಸಿ. ಒದ್ದೆ ನೆಲದಲ್ಲಿ ಬರಿಗಾಲಿನಲ್ಲಿ ನಿಂತವರಿಗೆ ಶಾಕ್ ಜೋರು, ಆದ್ದರಿಂದ ಕ್ರಷರಿಗೆ ಆರ್‌ಸಿಸಿಬಿ ಈ ವಾರವೇ ಹಾಕಿಸಿ. ಹಾಕಿದ ಮೇಲೆ ಅದರ ಟೆಸ್ಟ್ ಬಟನ್ ತಿಂಗಳಿಗೊಮ್ಮೆ ಒತ್ತಿ ನೋಡುತ್ತಿರಿ.