ಬ್ರಾಯ್ಲರ್ ಫೀಡಿಗೆ ತೌಡು, ರಾಗಿ ಸೇರಿಸಿದ್ಮೇಲೆ ಕಾಲು ಸೊಟ್ಟ ಆಗ್ತಿದೆ, ನಾರು ಜಾಸ್ತಿ ಆಗಿದ್ದಕ್ಕಾ?

ಗೌರಿಬಿದನೂರು ಶೆಡ್:
ಎಲ್ರಿಗೂ ನಮಸ್ಕಾರ. ನಮ್ದು ಕಂಪನಿ ಇಂಟಿಗ್ರೇಷನ್ (ಕಂಪನೀನೇ ಮರಿ, ಫೀಡ್ ಕೊಟ್ಟು ಸಾಕಿಸೋದು) ಅಲ್ಲ, ಸ್ವಂತಕ್ಕೆ ಮರಿ ತಂದು ಸಾಕಿ ಸುತ್ತಮುತ್ತ ಚಿಕನ್ ಅಂಗಡಿಗಳಿಗೆ ಕೊಡ್ತೀವಿ, ಫೀಡ್ ಕೂಡ ನಾವೇ ಮಿಕ್ಸ್ ಮಾಡ್ಕೊಳ್ಳೋದು. ಮುಸುಕಿನ ಜೋಳದ ರೇಟ್ ಏರಿದ್ದಕ್ಕೆ ಈ ಬ್ಯಾಚಿಗೆ ನೂರು ಕೆಜಿಗೆ 10 ಕೆಜಿ ಅಕ್ಕಿ ತೌಡು, 15 ಕೆಜಿ ರಾಗಿ ಹಾಕಿ ಅಷ್ಟು ಜೋಳ ಇಳಿಸಿದ್ವಿ, ಡಿಸಿಪಿ (ಡೈಕ್ಯಾಲ್ಸಿಯಂ ಫಾಸ್ಫೇಟ್), ಸುಣ್ಣದ ಕಲ್ಲಿನ ಪುಡಿ, ಟ್ರೇಸ್ ಮಿನರಲ್ (ಚೂರೇ ಚೂರು ಬೇಕಾಗೋ ಜಿಂಕ್, ಮ್ಯಾಂಗನೀಸ್ ತರದ ಖನಿಜ) ಎಲ್ಲಾ ಮೊದಲಿನ ಲೆಕ್ಕಾನೇ. ಮೂರನೇ ವಾರಕ್ಕೆ ಬರ್ತಿದ್ದಂಗೆ ಕೆಲವು ಮರಿ ಕೂತಲ್ಲೇ ಕೂರ್ತಾವೆ, ಮಂಡಿ ಊದ್ಕೊಂಡು ಕಾಲು ಹೊರಕ್ಕೆ ತಿರುಗೈತೆ, ಪುಕ್ಕಾನೂ ಸರಿಯಾಗಿ ಬಂದಿಲ್ಲ. ಔಷಧಿ ಅಂಗಡೀಲಿ ಲಿಕ್ವಿಡ್ ಕ್ಯಾಲ್ಸಿಯಂ ಕೊಟ್ರು, ನೀರಿಗೆ ಹಾಕ್ತಿದೀವಿ, ಏನೂ ಬದಲಾಗಿಲ್ಲ. ಪಕ್ಕದ ಫಾರ್ಮಿನ ಅಣ್ಣ ನಾರು ಜಾಸ್ತಿ ಆಗೈತೆ ಪೂರ್ತಿ ತೆಗಿ ಅಂತಾರೆ. ರಾಗಿಲಿ ಕ್ಯಾಲ್ಸಿಯಂ ಇರುತ್ತಲ್ಲ, ಆದ್ರೂ ಯಾಕೆ ಹಿಂಗೆ?

ಚಿಂತಾಮಣಿ ಕೋಳಿ ಸಾಕಣೆ:
ಅಣ್ಣಾ ಮೊದ್ಲು ಕೂತಿರೋ ಮರಿ ಒಂದನ್ನ ಹಿಡಿದು ಕೊಕ್ಕು ಒತ್ತಿ ನೋಡಿ, ರಬ್ಬರ್ ತರ ಬಾಗಿದ್ರೆ ರಿಕೆಟ್ಸು, ಅಂದ್ರೆ ಮೂಳೆ ಮೆತ್ತಗಾಗೋ ಕಾಯಿಲೆ. ಗಟ್ಟಿ ಇದ್ರೆ ಮಂಡಿ ಹಿಂದೆ ಬೆರಳಾಡ್ಸಿ, ನರ (ಸ್ನಾಯುನ ಮೂಳೆಗೆ ಕಟ್ಟೋ ಹುರಿ) ಅದರ ಜಾಗದಲ್ಲೇ ಐತಾ ಪಕ್ಕಕ್ಕೆ ಜಾರೈತಾ ನೋಡಿ. ಎರಡಕ್ಕೂ ದಾರಿ ಬೇರೆ ಬೇರೆ.

ಗೌರಿಬಿದನೂರು ಶೆಡ್:
ಕೊಕ್ಕು ಗಟ್ಟಿ ಐತೆ. ನರ ಪಕ್ಕಕ್ಕೆ ಹೋಗೈತೆ, ನೋಡಿದವೆಲ್ಲಾ ಅದೇ ತರ.

ಪಶುವೈದ್ಯ, ಕೋಲಾರ:
ಹಾಗಾದ್ರೆ ಇದು ಪೆರೋಸಿಸ್, ಅಂದ್ರೆ ಮಂಡಿ ಹಿಂದಿನ ನರ ಜಾರಿ ಕಾಲು ತಿರುಗೋ ತೊಂದರೆ. ಮೊದಲ ಅನುಮಾನ ಮ್ಯಾಂಗನೀಸ್ ಮೇಲೆ, ಕೋಲಿನ್, ಬಯೋಟಿನ್ ಅನ್ನೋ ವಿಟಮಿನ್ ಗುಂಪಿನವು ಕಡಿಮೆ ಆದ್ರೂ ಹೀಗೇ ಆಗುತ್ತೆ, ಪುಕ್ಕ ಸರಿ ಬಂದಿಲ್ಲ ಅಂತಿರೋದ್ರಿಂದ ಜಿಂಕ್ ಕೂಡ ಕಡಿಮೆ ಇರ್ಬಹುದು. ಲಿಕ್ವಿಡ್ ಕ್ಯಾಲ್ಸಿಯಂ ಇವತ್ತೇ ನಿಲ್ಲಿಸಿ.

ಕಾರಣ ಹೇಳ್ತೀನಿ. ತೌಡಲ್ಲಿರೋ ರಂಜಕದಲ್ಲಿ ಮುಕ್ಕಾಲು ಪಾಲು ಫೈಟೇಟ್ (ಕಾಳು, ತೌಡಲ್ಲಿ ರಂಜಕ ಕೂಡಿಟ್ಟಿರೋ ಸಂಯುಕ್ತ) ರೂಪದಲ್ಲೇ ಇರುತ್ತೆ, ಅದನ್ನ ಒಡೆಯೋ ಎಂಜೈಮ್ ಕೋಳಿ ಕರುಳಲ್ಲಿ ಸಾಲದು, ಒಡೀದೆ ಉಳಿದ ಫೈಟೇಟು ಜಿಂಕ್, ಮ್ಯಾಂಗನೀಸ್, ಕಬ್ಬಿಣ ಎಲ್ಲಾನೂ ಹಿಡ್ಕೊಂಡು ಹಿಕ್ಕೇಲಿ ಹೊರಗೆ ಹೋಗುತ್ತೆ. ಅದರ ಮೇಲೆ ಕ್ಯಾಲ್ಸಿಯಂ ಸುರಿದ್ರೆ ಇವೆಲ್ಲಾ ಸೇರಿ ಇನ್ನೂ ಕರಗದೇ ಇರೋ ತರ ಆಗುತ್ತೆ. ಅಂದ್ರೆ ಬ್ಯಾಗಿನ ಮೇಲೆ ಬರೆದಿರೋ ಅಷ್ಟು ಮಿನರಲ್ ಫೀಡಲ್ಲಿದ್ರೂ ಮರಿಗೆ ಸಿಗ್ತಿಲ್ಲ.

ರಾಗಿ ವಿಷಯ. ನೂರು ಗ್ರಾಂ ರಾಗಿಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ, ನಮಗೆ ಮುದ್ದೆಗೆ ಅದು ದೊಡ್ಡದೇ. ಆದ್ರೆ ನೀವು ಹಾಕಿರೋ 15 ಕೆಜಿಯಿಂದ ಬರೋದು ಹತ್ರತ್ರ 50 ಗ್ರಾಂ, ನೂರು ಕೆಜಿ ಬ್ರಾಯ್ಲರ್ ಫೀಡಿಗೆ ಬೇಕಾಗಿರೋದು 900 ಗ್ರಾಂನಿಂದ 1 ಕೆಜಿ. ರಾಗಿಲೂ ಫೈಟೇಟ್ ಇದೆ, ಟ್ಯಾನಿನ್ (ಒಗರು ಅಂಶ) ಕೂಡ. ಅದಕ್ಕೇ ರಾಗಿ ಹಾಕಿದೀವಿ ಅಂತ ಡಿಸಿಪಿ ಮುಟ್ಟಬೇಡಿ.

ಮುಂದಿನ ಮಿಕ್ಸಿಗೆ ಫೈಟೇಸ್, ಅಂದ್ರೆ ಫೈಟೇಟ್ ಒಡೆಯೋ ಎಂಜೈಮ್ ಸೇರಿಸಿ, ಕೆಜಿ ಫೀಡಿಗೆ 500 ಯೂನಿಟ್ ಅಂತ ಲೆಕ್ಕ, ಗ್ರಾಂಗೆ 5000 ಯೂನಿಟ್ ಇರೋ ಪೌಡರ್ ಆದ್ರೆ ಟನ್ನಿಗೆ 100 ಗ್ರಾಂ ಆಯ್ತು. ಅಮೆರಿಕದ ಎನ್‌ಆರ್‌ಸಿ (ನ್ಯಾಷನಲ್ ರಿಸರ್ಚ್ ಕೌನ್ಸಿಲ್) 1994ರಲ್ಲಿ ಕೊಟ್ಟ ಪಟ್ಟೀಲಿ ಕೆಜಿ ಫೀಡಿಗೆ ಮ್ಯಾಂಗನೀಸ್ 60, ಜಿಂಕ್ 40 ಮಿಲಿಗ್ರಾಂ ಅಂತಿದೆ, ತೌಡು ಹಾಕೋ ಫೀಡಿಗೆ ಅದು ಸಾಲಲ್ಲ, ಎರಡೂ 80ರಿಂದ 100 ಬರೋ ಹಾಗೆ ನೋಡ್ಕೊಳ್ಳಿ. ನರ ಜಾರಿಬಿಟ್ಟಿರೋ ಮರಿ ಮತ್ತೆ ನೆಟ್ಟಗಾಗಲ್ಲ, ಅವು ನೀರು ಮೇವಿನ ಹತ್ರ ಹೋಗೋಕಾಗ್ದೆ ಒದ್ದಾಡ್ತವೆ, ಬೇರೆ ಮಾಡಿ ತೆಗೆದುಬಿಡಿ. ಉಳಿದವನ್ನ ಉಳಿಸ್ಕೋಬಹುದು.

ಶಿರಾ ಪೌಲ್ಟ್ರಿ:
ಡಾಕ್ಟ್ರು ಹೇಳಿದ್ದು ಸರಿ, ಆದ್ರೆ ಪಕ್ಕದ ಫಾರ್ಮಿನವರು ಹೇಳಿದ ನಾರು ಪೂರ್ತಿ ತೆಗಿ ಅನ್ನೋ ಮಾತು ಮಾತ್ರ ನಾನು ಒಪ್ಪಲ್ಲ. ಎಲ್ಲಾ ನಾರೂ ಒಂದೇ ಅಲ್ಲ. ನೀರಲ್ಲಿ ಕರಗಿ ಅಂಟಂಟಾಗೋ ನಾರು ಜಾಸ್ತಿ ಆದ್ರೆ ಹಿಕ್ಕೆ ಅಂಟಾಗಿ ಲಿಟರ್ (ಶೆಡ್ಡಿನ ನೆಲಕ್ಕೆ ಹಾಸಿರೋ ಹೊಟ್ಟು) ಒದ್ದೆ ಆಗುತ್ತೆ, ಅದು ಕೆಟ್ಟದ್ದೇ. ಕರಗದೇ ಇರೋ ದಪ್ಪ ನಾರು, ಸೂರ್ಯಕಾಂತಿ ಸಿಪ್ಪೆ, ಭತ್ತದ ಹೊಟ್ಟು ಇಂಥವು ಎರಡು ಮೂರು ಪರ್ಸೆಂಟ್ ಇದ್ರೆ ಗಿಜರ್ಡ್ (ಮೇವು ಅರೆಯೋ ಗಟ್ಟಿ ಹೊಟ್ಟೆ) ದಪ್ಪಗೆ ಬೆಳೆಯುತ್ತೆ, ಮೇವು ಅಲ್ಲಿ ಹೆಚ್ಚು ಹೊತ್ತು ನಿಂತು ಆಸಿಡ್ ಜೊತೆ ಚೆನ್ನಾಗಿ ಅರೆಯುತ್ತೆ, ಮಿನರಲ್ ಕರಗೋದೂ ಅಲ್ಲೇ, ಫೈಟೇಸ್ ಕೆಲಸ ಮಾಡೋದೂ ಹೆಚ್ಚಾಗಿ ಅಲ್ಲೇ. ಒಟ್ಟು ಕ್ರೂಡ್ ಫೈಬರ್ (ಲ್ಯಾಬಲ್ಲಿ ಅಳೆಯೋ ನಾರು) 5 ಪರ್ಸೆಂಟ್ ದಾಟಬಾರ್ದು ಅಷ್ಟೇ. ಜೋಳಾನೂ ಹಿಟ್ಟು ಮಾಡ್ಬೇಡಿ, ತರಿ ತರಿ ಇರ್ಲಿ.

ಇನ್ನೊಂದು, ತೌಡು ಎಲ್ಲಿಂದ ತಂದ್ರಿ? ಹೊಟ್ಟು ಪುಡಿ ಬೆರೆಸಿ ಮಾರೋರು ಇದಾರೆ, ಅಂಥದ್ರಲ್ಲಿ ನಾರು ಎಷ್ಟಿದೆ ಅಂತ ಲೆಕ್ಕ ಹಾಕೋಕೇ ಆಗಲ್ಲ. ನೀರಿಗೆ ಒಂದು ಹಿಡಿ ಹಾಕಿ, ಹೊಟ್ಟಿನ ಚೂರು ಮೇಲೆ ತೇಲುತ್ತೆ, ಬಾಯಿಗೆ ಹಾಕ್ಕೊಂಡ್ರೂ ಮರಳು ಮರಳು ಅನ್ಸುತ್ತೆ. ಹಳೇ ತೌಡು ಕಮಟು ವಾಸನೆ ಬಂದ್ರೆ ಹಾಕ್ಲೇಬೇಡಿ, ವಿಟಮಿನ್ನೂ ಹಾಳಾಗುತ್ತೆ.

ಗೌರಿಬಿದನೂರು ಶೆಡ್:
ತುಂಬಾ ಥ್ಯಾಂಕ್ಸ್. ಲೇಯರ್ (ಮೊಟ್ಟೆ ಕೋಳಿ) ಫೀಡಿನ ಮಿನರಲ್ ಪ್ರೀಮಿಕ್ಸ್ (ಮೊದಲೇ ಬೆರೆಸಿಟ್ಟ ಖನಿಜದ ಪುಡಿ) ಸಿಗ್ತಿದೆ, ಅದನ್ನೇ ತರ್ಬಹುದಾ?

ಪಶುವೈದ್ಯ, ಕೋಲಾರ:
ಬರೀ ಟ್ರೇಸ್ ಮಿನರಲ್ ಆದ್ರೆ ಲೇಬಲ್ ಓದಿ ಮ್ಯಾಂಗನೀಸ್, ಜಿಂಕ್ ಎಷ್ಟಿದೆ ನೋಡಿ ತನ್ನಿ. ಕ್ಯಾಲ್ಸಿಯಂ ಸೇರಿಸಿರೋ ಲೇಯರ್ ಪ್ಯಾಕ್ ಬೇಡ, ಬೆಳೆಯೋ ಮರಿಗೆ ಅಷ್ಟು ಕ್ಯಾಲ್ಸಿಯಂ ಕೊಟ್ರೆ ಕಿಡ್ನಿ ಹೋಗುತ್ತೆ, ಗೌಟ್ (ಮೈಯೊಳಗೆ ಯೂರಿಕ್ ಆಸಿಡ್ ಕೂರೋ ಕಾಯಿಲೆ) ಬರುತ್ತೆ. ಪ್ರೀಮಿಕ್ಸ್, ಫೈಟೇಸ್ ಎರಡನ್ನೂ ಮೊದಲು ಐದಾರು ಕೆಜಿ ಜೋಳದ ನುಚ್ಚಿಗೆ ಚೆನ್ನಾಗಿ ಕಲಸಿ ಆಮೇಲೆ ಪೂರ್ತಿ ಮಿಕ್ಸಿಗೆ ಹಾಕಿ.