3700ರ ಹತ್ತಿರ ಗರಗಸದ ಹಲ್ಲು ಬರುತ್ತಿದೆ, ದಯವಿಟ್ಟು ನೋಡಿ

ಪಾಷಾಣ್_ಅಯಾನು, ಪುಣೆ:
ಮೂರು ದಿನದಿಂದ ತಲೆ ಕೆಟ್ಟುಹೋಗಿದೆ. ಸೋಡಿಯಂ ಅಯಾನಿನ ಸುತ್ತ ಆರು ನೀರು, ಮಾಸ್ 131. ಇನ್‌ಫ್ರಾರೆಡ್ ಲೇಸರ್ ಹೊಡೆದು ಎಷ್ಟು ನೀರು ಉದುರುತ್ತದೆ ಅಂತ ನೋಡುತ್ತೇನೆ. 3700 ವೇವ್‌ನಂಬರ್ (ಒಂದು ಸೆಂಟಿಮೀಟರಿಗೆ ಬೆಳಕಿನ ಎಷ್ಟು ಅಲೆ ಅನ್ನುವ ಎಣಿಕೆ) ಹತ್ತಿರ ಗ್ರಾಫ್‌ನಲ್ಲಿ ನಯವಾದ ಗುಡ್ಡ ಬರಬೇಕು, ಬರೀ ಹಲ್ಲು ಬರುತ್ತಿದೆ. ಮಾರ್ಚ್‌ನಲ್ಲಿ ಸರಿಯಾಗಿತ್ತು. ಏನೂ ಬದಲಾಯಿಸಿಲ್ಲ. ನೀರುಗಳ ನಡುವೆ ಹೈಡ್ರೋಜನ್ ಬಂಧ ಇದೆಯಾ ಅಂತ ಸೋಮವಾರ ಗೈಡ್‌ಗೆ ಹೇಳಬೇಕು.

ಪೊವೈ_ಲೇಸರ್:
ಅಯಾನು ಬಿಸಿ ಇದೆ. ಆರ್ಗಾನ್ ಟ್ಯಾಗ್ ಹಾಕಿ, ಅಂದರೆ ಅಯಾನಿಗೆ ಒಂದು ಆರ್ಗಾನ್ ಪರಮಾಣು ಅಂಟಿಸಿ.

ಪಾಷಾಣ್_ಅಯಾನು:
ಬಿಸಿ ಇದ್ದರೆ ಗುಡ್ಡ ಅಗಲ ಆಗಬೇಕು, ಅಲ್ವಾ ಸರ್? ಹಲ್ಲು ಯಾಕೆ?

ಪೊವೈ_ಲೇಸರ್:
ಆ ಜಾಗದ ಒಂದು ಫೋಟಾನ್ ಕೊಡುವುದು ಮೋಲ್‌ಗೆ ಸುಮಾರು 44 ಕಿಲೋಜೂಲ್. ನೀರು ಗಟ್ಟಿಯಾಗಿ ಹಿಡಿದಿದ್ದರೆ ಅದು ಸಾಲದು. ಆರ್ಗಾನ್ ಸುಲಭವಾಗಿ ಬಿಡುತ್ತದೆ. ಅಯಾನು ಹಿಡಿದಿಡುವ ನಮ್ಮ ಟ್ರ್ಯಾಪ್ 10 ಕೆಲ್ವಿನ್‌ಗೆ ಇಳಿಯುತ್ತದೆ. ಅದರಲ್ಲಿ ಬರುವ ಗೆರೆ ಸೂಜಿಯ ಹಾಗೆ. ಟ್ರ್ಯಾಪ್ ತಾಪ ಎಷ್ಟು ನಿಮ್ಮದು?

ತ್ರೊಂಬೆ_ಹಳಬ:
ಲೇಸರ್ ಬಿಡಿ. ಟ್ರ್ಯಾಪ್ ಗೋಡೆಯ ಶಾಖ ಒಂದೇ ಸಾಕು, ನೀರು ತಾನಾಗಿ ಬಿಡುತ್ತದೆ. ನಾಲ್ಕು ತಾಪದಲ್ಲಿ ವೇಗ ಅಳೆದರೆ ಬಂಧದ ಶಕ್ತಿ ಸಿಗುತ್ತದೆ. 1970ರಲ್ಲೇ ರಸಾಯನ ವಿಜ್ಞಾನಿ ಕೆಬಾರ್ಲೆ ಅವರ ಲ್ಯಾಬ್‌ನಲ್ಲಿ ಲೇಸರ್ ಇಲ್ಲದೆ, ಸಮತೋಲನ ನೋಡಿ ಒಂದೊಂದು ನೀರಿನ ಹಿಡಿತ ಅಳೆದಿದ್ದರು.

ಪೊವೈ_ಲೇಸರ್:
ಹಿಡಿತ ಗೊತ್ತಾಯಿತು. ಯಾವ ನೀರು ಯಾರ ಕೈ ಹಿಡಿದಿದೆ ಅಂತ ಅದು ಹೇಳುತ್ತದಾ?

ತ್ರೊಂಬೆ_ಹಳಬ:
ಕಂಪ್ಯೂಟರ್ ಲೆಕ್ಕದ ಜೊತೆ ಹೋಲಿಸಿದರೆ ಹೇಳುತ್ತದೆ. ಸುಮ್ನೆ ತಳ್ಳಿಹಾಕಬೇಡಿ.

ಮಾಂಡವಿ_ದಡ, ಪಣಜಿ:
ಜಗಳ ಆಮೇಲೆ ಆಡಿ. ತಮ್ಮಾ, ಲೇಸರ್ ದಾರಿ ತೆರೆದ ಗಾಳಿಯಲ್ಲಿದೆಯಾ? ಎಷ್ಟು ಮೀಟರ್?

ಪಾಷಾಣ್_ಅಯಾನು:
ಮೂರು ಮೀಟರ್, ತೆರೆದೇ ಇದೆ. ಹೇಳಬೇಕು ಅಂತ ಅನ್ನಿಸಲಿಲ್ಲ ಮೇಡಂ.

ಮಾಂಡವಿ_ದಡ:
ಜುಲೈ ಇದು. ಗಾಳಿಯಲ್ಲಿರುವ ನೀರಾವಿಯೇ 3657 ಮತ್ತು 3756ರ ಸುತ್ತ ಬೆಳಕು ನುಂಗುತ್ತದೆ, ನಿಮ್ಮ ಗುಡ್ಡ ಇರುವ ಜಾಗದಲ್ಲೇ. ಪವರ್ ಮೀಟರನ್ನು ಲೇಸರ್ ಬಾಯಲ್ಲಿ ಅಲ್ಲ, ಚೇಂಬರ್ ಕಿಟಕಿಯ ಹತ್ತಿರ ಇಟ್ಟು ಸ್ಕ್ಯಾನ್ ಮಾಡಿ.

ಪಾಷಾಣ್_ಅಯಾನು:
ಮಾಡಿದೆ. ಅದೇ ಹಲ್ಲು, ಅದೇ ಜಾಗ! ಅಕ್ರಿಲಿಕ್ ಹಾಳೆಯಿಂದ ಕೊಳವೆ ಕಟ್ಟಿ ಒಣ ನೈಟ್ರೋಜನ್ ಬಿಟ್ಟೆ. ಒಂದು ಗಂಟೆ ಆದಮೇಲೆ ಮುಕ್ಕಾಲು ಪಾಲು ಹಲ್ಲು ಹೋಯಿತು. ಕನ್ನಡಿಯ ಹತ್ತಿರ ಇನ್ನೂ ಸೋರುತ್ತಿದೆ, ಟೇಪ್ ಸುತ್ತುತ್ತಿದ್ದೇನೆ.

ಮಾಂಡವಿ_ದಡ:
3400ರ ಹತ್ತಿರ ಗುಡ್ಡ ಇದೆಯಾ? ಅಲ್ಲಿ ನೀರಾವಿಯ ಕಾಟ ಕಡಿಮೆ. ಹೈಡ್ರೋಜನ್ ಬಂಧದ ಸುದ್ದಿ ಬರುವುದು ಅಲ್ಲಿಂದಲೇ.

ಪಾಷಾಣ್_ಅಯಾನು:
ಇದೆ ಮೇಡಂ, ಅಗಲವಾಗಿ. ಮೊದಲ ದಿನದಿಂದಲೂ ಇತ್ತು, ನಾನು ನೋಡಿರಲಿಲ್ಲ.

ಪೊವೈ_ಲೇಸರ್:
ಟ್ರ್ಯಾಪ್ ತಾಪ ಮಾತ್ರ ಇನ್ನೂ ಹೇಳಿಲ್ಲ ನೀವು.